ಹಳೇ ಷೆವಿ ಪಿಕಪ್ ದಿನಬಳಕೆಗೆ: ಮೊದಲು ಬ್ರೇಕು, ಆಮೇಲೆ ಎಂಜಿನ್ನು

ನನ್ನ ಹತ್ತಿರ ಇರುವುದು 1970ರ ಷೆವರ್ಲೆ ಸಿ10 ಪಿಕಪ್. ಸ್ಯಾಕ್ರಮೆಂಟೊದಲ್ಲಿ ದಿನಾ ಕೆಲಸಕ್ಕೆ ಹೋಗುವುದು ಅದರಲ್ಲೇ. ಅಕ್ಕಿ ಮೂಟೆ ತರುವುದೂ ಅದರಲ್ಲೇ. ನೋಡುವುದಕ್ಕೆ ಹಳೇ ಗಾಡಿ. ಬ್ರೇಕು, ಎಂಜಿನ್ನು, ವೈರಿಂಗು ಎಲ್ಲ ಈಚಿನವು. ಹೀಗೆ ಮಾಡಿದ ಗಾಡಿಗೆ ಇಲ್ಲಿ ರೆಸ್ಟೊಮಾಡ್ ಅನ್ನುತ್ತಾರೆ. ಅಮೆರಿಕದಲ್ಲಿರುವ ನಮ್ಮ ಹುಡುಗರು ಆಗಾಗ ಕೇಳುತ್ತಾರೆ, ಎಲ್ಲಿಂದ ಶುರು ಮಾಡಬೇಕು ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಆರಿಸುವುದು

ಮೊದಲ ಸಲ ಮಾಡುವವರಿಗೆ 1967ರಿಂದ 1972ರ ತನಕದ ಸಿ10 ಒಳ್ಳೆಯದು. ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಬಾಗಿಲಿನ ರಬ್ಬರಿನಿಂದ ಹಿಡಿದು ಇಡೀ ನೆಲದ ತಗಡಿನವರೆಗೆ ಹೊಸದಾಗಿ ಮಾಡಿ ಮಾರುತ್ತಾರೆ. ಸಿ ಅಂದರೆ ಎರಡು ಚಕ್ರಕ್ಕೆ ಡ್ರೈವ್, ಕೆ ಅಂದರೆ ನಾಲ್ಕಕ್ಕೂ. ಹಿಂದಿನ ತೊಟ್ಟಿ ಆರೂವರೆ ಅಡಿಯದ್ದು ಒಂದು, ಎಂಟು ಅಡಿಯದ್ದು ಒಂದು. ಊರೊಳಗೆ ಪಾರ್ಕಿಂಗ್ ಮಾಡಬೇಕಾದವರಿಗೆ ಚಿಕ್ಕದೇ ಸರಿ. ಅದಕ್ಕೆ ಬೆಲೆ ಮಾತ್ರ ಜಾಸ್ತಿ.

ಎಂಜಿನ್ ಓಡುತ್ತದೋ ಇಲ್ಲವೋ ಅಂತ ತಲೆ ಕೆಡಿಸಿಕೊಳ್ಳಬೇಡಿ, ಹೇಗೂ ತೆಗೆಯುತ್ತೀರಿ. ನೋಡಬೇಕಾದ್ದು ತುಕ್ಕು. ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಬಾಗಿಲ ಕೆಳಗಿನ ಪಟ್ಟಿ, ಕ್ಯಾಬಿನ್ನಿನ ಹಿಂದಿನ ಎರಡು ಮೂಲೆ, ಕಾಲಿಡುವ ಜಾಗದ ತಗಡು, ಕ್ಯಾಬಿನ್ ಕೂರುವ ಬ್ರ್ಯಾಕೆಟ್ಟು, ಎಲ್ಲ ಕಡೆ ಹಿಡಿದು ನೋಡಿ. ಅಯಸ್ಕಾಂತ ಅಂಟದೆ ಜಾರಿತು ಅಂದರೆ ಬಣ್ಣದ ಕೆಳಗೆ ಪುಟ್ಟಿ ಇದೆ, ಅದರ ಕೆಳಗೆ ತೂತು ಇದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್ ಕಡೆಯ ಗಾಡಿಗಿಂತ ಒಣಹವೆಯ ಅರಿಜೋನಾ ಗಾಡಿಗೆ ಎರಡು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಟಿಂಕರಿಂಗ್ ಖರ್ಚಿನ ಮುಂದೆ ಅದು ಏನೂ ಅಲ್ಲ.

ಬ್ರೇಕ್

ಎಲ್ಲರೂ ಎಂಜಿನ್ನಿನಿಂದ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಲು ಹೊರಟಿದ್ದೆ. ಗಾಡಿ ತಂದ ಎರಡನೇ ವಾರ ಪ್ಲೇಸರ್‌ವಿಲ್ ಕಡೆಯಿಂದ ಹೈವೇ 50ರಲ್ಲಿ ಇಳಿಜಾರು ಇಳಿಯುತ್ತಿದ್ದೆ. ತೊಟ್ಟಿಯಲ್ಲಿ ಸೌದೆ ತುಂಬಿತ್ತು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಅದೂ ಪೆಡಲಿನ ಒತ್ತನ್ನು ಹೆಚ್ಚಿಸುವ ಬೂಸ್ಟರ್ ಇಲ್ಲದ್ದು. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಪೆಡಲು ಗಟ್ಟಿಯಾಗೇ ಇತ್ತು, ಎರಡೂ ಕಾಲಲ್ಲಿ ಒತ್ತಿದೆ, ಗಾಡಿ ಮಾತ್ರ ನಿಧಾನವಾಗಲಿಲ್ಲ. ಗೇರ್ ಇಳಿಸಿ, ರಸ್ತೆ ಪಕ್ಕದ ಜಲ್ಲಿಗೆ ಹತ್ತಿಸಿ ನಿಲ್ಲಿಸಿದೆ. ಸ್ಟೇರಿಂಗ್ ಹಿಡಿದ ಬೆರಳು ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಎಂಜಿನ್‌ಗೆ ಅಂತ ಎತ್ತಿಟ್ಟಿದ್ದ ದುಡ್ಡು ಆ ತಿಂಗಳೇ ಬ್ರೇಕಿಗೆ ಹೋಯಿತು.

1971ರಿಂದ ಈ ಗಾಡಿಗಳಿಗೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕಂಪನಿಯಿಂದಲೇ ಬಂತು. ಅದಕ್ಕೂ ಹಿಂದಿನ ಗಾಡಿಯಾದರೆ ಡಿಸ್ಕ್ ಕಿಟ್ ತಂದು ಹಾಕಬೇಕು. ಇಲ್ಲಿ ಒಂದು ವಿಷಯ ನೆನಪಿರಲಿ. 1970ರ ತನಕ ಚಕ್ರಕ್ಕೆ ಆರು ನಟ್ಟು, 1971ರಿಂದ ಐದು. ಕಿಟ್ ತರುವಾಗ ಹಿಂದಿನ ಚಕ್ರಕ್ಕೆ ಎಷ್ಟು ನಟ್ಟಿದೆ ನೋಡಿಕೊಳ್ಳಿ. ಇಲ್ಲದಿದ್ದರೆ ಮುಂದಕ್ಕೊಂದು, ಹಿಂದಕ್ಕೊಂದು ಬಗೆಯ ಸ್ಟೆಪ್ನಿ ಇಟ್ಟುಕೊಂಡು ಓಡಾಡಬೇಕಾಗುತ್ತದೆ.

ಬರೀ ಡಿಸ್ಕ್ ಹಾಕಿದರೆ ಸಾಲದು. ಡಿಸ್ಕನ್ನು ಅಮುಕಿ ಹಿಡಿಯುವ ಕ್ಯಾಲಿಪರ್‌ಗೆ ಡ್ರಮ್‌ಗಿಂತ ಜಾಸ್ತಿ ಆಯಿಲ್ ಬೇಕು. ಅದಕ್ಕೆ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರನ್ನೂ ಬದಲಿಸಿ, ಜೊತೆಗೆ ಬೂಸ್ಟರ್ ಕೂರಿಸಿ. ಮುಂದೆ ಡಿಸ್ಕು, ಹಿಂದೆ ಡ್ರಮ್ಮು ಇದ್ದಾಗ ಎರಡಕ್ಕೂ ಒತ್ತಡವನ್ನು ಸರಿಯಾಗಿ ಹಂಚುವ ಪ್ರೊಪೋರ್ಶನಿಂಗ್ ವಾಲ್ವ್ ಬೇಕೇ ಬೇಕು. ಅದಿಲ್ಲದಿದ್ದರೆ ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಗಾಡಿ ಅಡ್ಡ ತಿರುಗುತ್ತದೆ. ತೊಟ್ಟಿ ಖಾಲಿ ಇದ್ದಾಗಂತೂ ಅಪಾಯ ಹೆಚ್ಚು. ಹಳೇ ಬ್ರೇಕ್ ಪೈಪುಗಳನ್ನು ಒರೆಸಿ ಉಳಿಸಿಕೊಳ್ಳಬೇಡಿ, ಎಲ್ಲ ಹೊಸದು ಹಾಕಿ. ಪೈಪಿನಲ್ಲಿರುವ ಗಾಳಿಯನ್ನು ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ತೆಗೆಯುತ್ತ ಬನ್ನಿ: ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಕೊನೆಗೆ ಮುಂದಿನ ಎಡ. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಗಾಳಿ ಬಿಡುವ ನಿಪ್ಪಲ್ ಬಿಚ್ಚಿ ಬಿಗಿಯಬೇಕು. ಒಬ್ಬರೇ ಮಾಡುವ ಕೆಲಸವಲ್ಲ ಇದು.

ಸ್ಟೇರಿಂಗ್, ಬುಶ್, ಬೆಲ್ಟ್

ಹಳೇ ಸ್ಟೇರಿಂಗ್ ಬಾಕ್ಸಿನಲ್ಲಿ ಪ್ಲೇ, ಅಂದರೆ ಸಡಿಲು, ಇದ್ದರೆ ಹೈವೇಯಲ್ಲಿ ಗಾಡಿ ಸುಮ್ನೆ ಅತ್ತಿತ್ತ ಓಲಾಡುತ್ತದೆ. ಪವರ್ ಸ್ಟೇರಿಂಗ್ ಬಾಕ್ಸ್ ಹಾಕಿ. ಬುಶ್, ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಎಲ್ಲ ಒಟ್ಟಿಗೇ ಬದಲಿಸಿ, ಆಮೇಲೆ ಒಂದೇ ಸಲ ಅಲೈನ್‌ಮೆಂಟ್ ಮಾಡಿಸಿ. ಷೆವಿ ಸಿ10ಗೆ ಹಿಂದೆಯೂ ಕಾಯಿಲ್ ಸ್ಪ್ರಿಂಗ್ ಇರುವುದರಿಂದ ಸವಾರಿ ಮೊದಲೇ ಮೃದು. ತೀರಾ ತಗ್ಗಿಸುವ ಆಸೆ ಬೇಡ. ಟೈರು ರೇಡಿಯಲ್ ಇರಲಿ. ಮೂರು ಕಡೆ ಹಿಡಿಯುವ ಸೀಟ್ ಬೆಲ್ಟ್ ಹಾಕುವಾಗ ತಗಡಿನ ಹಿಂದೆ ದಪ್ಪ ಪ್ಲೇಟ್ ಕೊಟ್ಟು ಬೋಲ್ಟ್ ಬಿಗಿಯಿರಿ.

ಪೆಟ್ರೋಲ್ ಟ್ಯಾಂಕ್

ಈ ಗಾಡಿಗಳಲ್ಲಿ ಟ್ಯಾಂಕ್ ಇರುವುದು ಕ್ಯಾಬಿನ್ ಒಳಗೆ, ಸೀಟಿನ ಬೆನ್ನ ಹಿಂದೆ. ಊರಿಂದ ಬಂದಿದ್ದ ಅಮ್ಮ ಮೊದಲ ದಿನ ಹತ್ತಿ ಕೂತವರೇ ಸೆರಗು ಮೂಗಿಗೆ ಹಿಡಿದರು. "ಏನೋ ಇದು, ಪೆಟ್ರೋಲ್ ಬಂಕಲ್ಲಿ ಕೂತ ಹಾಗಿದೆಯಲ್ಲೋ" ಅಂದರು. ಕಿಟಕಿ ಇಳಿಸಿದರೂ ವಾಸನೆ ಹೋಗಲಿಲ್ಲ. ನನಗೆ ಅದು ಅಭ್ಯಾಸ ಆಗಿಹೋಗಿತ್ತು, ಅವರು ಹೇಳಿದ ಮೇಲೇ ಗೊತ್ತಾದದ್ದು. ಮನೆಯವರು ಕೂರುವ ಜಾಗದಲ್ಲಿ ಪೆಟ್ರೋಲ್ ಇರಬಾರದು ಅಲ್ವಾ? ತೊಟ್ಟಿಯ ಕೆಳಗೆ, ಚಾಸಿಸ್ಸಿನ ಎರಡು ಪಟ್ಟಿಗಳ ನಡುವೆ ಕೂರುವ ಹೊಸ ಟ್ಯಾಂಕ್ ಸಿಗುತ್ತದೆ. ಒಳಗೇ ಪಂಪ್ ಇರುವಂಥದ್ದನ್ನು ತನ್ನಿ, ಮುಂದಿನ ಹಂತಕ್ಕೆ ಬೇಕಾಗುತ್ತದೆ. ಸೀಟಿನ ಹಿಂದೆ ಖಾಲಿಯಾದ ಜಾಗದಲ್ಲಿ ಜಾಕು, ಕೊಡೆ, ಚೀಲ ಇಡಬಹುದು.

ಎಂಜಿನ್, ಗೇರ್ ಬಾಕ್ಸ್

ಹೊಸ ಎಂಜಿನ್ ಅಂದರೆ ಷೋರೂಮಿನದ್ದೇ ಆಗಬೇಕಿಲ್ಲ. 1999ರಿಂದ 2007ರ ತನಕ ಷೆವಿ ಸಿಲ್ವರಾಡೊ, ಟಾಹೊ ಗಾಡಿಗಳಲ್ಲಿ ಬಂದ 5.3 ಲೀಟರ್ ವಿ8 ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಬಹುತೇಕ ಎಂಜಿನ್‌ಗಳ ಬ್ಲಾಕು ಬೀಡುಕಬ್ಬಿಣದ್ದು, ಗಟ್ಟಿ. ಕಾರ್ಬುರೇಟರ್ ಇಲ್ಲ, ಫ್ಯೂಯಲ್ ಇಂಜೆಕ್ಷನ್. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆದು ಕಾಯುವ ಕೆಲಸವಿಲ್ಲ. ದಿನಾ ಓಡಿಸುವವರಿಗೆ ಇದೇ ದೊಡ್ಡ ಲಾಭ. ಎಂಜಿನ್ ತರುವಾಗ ಅದರ ಗೇರ್ ಬಾಕ್ಸ್, ಕಂಪ್ಯೂಟರ್, ವೈರು, ಆಕ್ಸಿಲರೇಟರ್ ಪೆಡಲ್ ಎಲ್ಲ ಒಂದೇ ಗಾಡಿಯದ್ದು ಬಿಚ್ಚಿಸಿಕೊಂಡು ಬನ್ನಿ. ಬೇರೆ ಬೇರೆ ಗಾಡಿಯದ್ದು ಸೇರಿಸಿದರೆ ಒಂದಕ್ಕೊಂದು ಮಾತಾಡುವುದಿಲ್ಲ.

ಗೇರ್ ಬಾಕ್ಸ್ ವಿಷಯ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಳೇ ಮೂರು ಗೇರಿನ ಆಟೊಮ್ಯಾಟಿಕ್‌ನಲ್ಲಿ, ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತ 3.73 ಇದ್ದು ಟೈರು 28 ಇಂಚಿನದ್ದಾದರೆ, ಗಂಟೆಗೆ 105 ಕಿ.ಮೀ. ಓಡುವಾಗ ಎಂಜಿನ್ ನಿಮಿಷಕ್ಕೆ ಸುಮಾರು 2,900 ಸುತ್ತು ತಿರುಗುತ್ತದೆ. 5.3ರ ಜೊತೆ ಬರುವ 4ಎಲ್60ಇ ಗೇರ್ ಬಾಕ್ಸಿನಲ್ಲಿ ನಾಲ್ಕನೆಯದು ಓವರ್‌ಡ್ರೈವ್, ಅಂದರೆ ಎಂಜಿನ್ನಿಗಿಂತ ಗೇರ್ ಬಾಕ್ಸಿನ ಹೊರ ಶಾಫ್ಟು ಜೋರಾಗಿ ತಿರುಗುವ ಗೇರು. ಅದೇ ವೇಗಕ್ಕೆ ಸುಮಾರು 2,000 ಸುತ್ತು ಸಾಕು. ಸದ್ದು ಇಳಿಯುತ್ತದೆ, ಪೆಟ್ರೋಲ್ ಉಳಿಯುತ್ತದೆ, ಪಕ್ಕದಲ್ಲಿ ಕೂತವರ ಜೊತೆ ಮಾತಾಡಬಹುದು.

ಕೂರಿಸುವಾಗ ಮೂರು ಕಡೆ ಗಮನ ಬೇಕು. ಕಾರ್ಬುರೇಟರಿಗೆ 5ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಪೆಟ್ರೋಲ್ ಒತ್ತಡ ಸಾಕಾಗುತ್ತಿತ್ತು, ಇದಕ್ಕೆ 58 ಬೇಕು. ಹಳೇ ರಬ್ಬರ್ ಪೈಪು ಅಷ್ಟು ತಡೆಯುವುದಿಲ್ಲ, ಬಿಸಿ ಎಂಜಿನ್ ಮೇಲೆ ಒಡೆದರೆ ಬೆಂಕಿ. ಇಂಜೆಕ್ಷನ್‌ಗೆ ಅಂತಲೇ ಮಾಡಿದ ಪೈಪನ್ನೇ ಹಾಕಿ. ಎರಡನೆಯದು ಸಿಲಿಂಡರ್ ಹೆಡ್‌ನಿಂದ ಹೊರಡುವ ಸಣ್ಣ ಆವಿ ಪೈಪು. ಅದನ್ನು ರೇಡಿಯೇಟರಿನ ಮೇಲ್ಭಾಗಕ್ಕೆ ಸೇರಿಸಬೇಕು. ಮುಚ್ಚಿಬಿಟ್ಟರೆ ಹೆಡ್‌ನಲ್ಲಿ ಗಾಳಿ ಸೇರಿಕೊಂಡು ಎಂಜಿನ್ ಕಾಯುತ್ತದೆ. ಇನ್ನೊಂದು, ಟ್ರಕ್ಕಿನ ಆಯಿಲ್ ಪ್ಯಾನ್ ತುಂಬ ಕೆಳಗೆ ಜೋತುಬೀಳುತ್ತದೆ. ಹಂಪ್‌ಗೆ ತಾಗದಂಥ ಗಿಡ್ಡ ಪ್ಯಾನ್ ಹಾಕಿಸಿ.

ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಗಾಡಿಗಳಿಗೆ ಹೊಗೆ ತಪಾಸಣೆ ಇಲ್ಲ, ಹಾಗಾಗಿ ಇದೆಲ್ಲ ಸಾಧ್ಯ. ನಮ್ಮ ಕರ್ನಾಟಕದಲ್ಲಿ ಹೀಗಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಮಾಡಿಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಊರಲ್ಲಿ ಅಪ್ಪನ ಕಾಲದ ಜೀಪೋ ಪಿಕಪ್ಪೋ ಇಟ್ಟುಕೊಂಡವರು ಎಂಜಿನ್ನಿಗೆ ಕೈ ಹಾಕುವ ಮೊದಲೇ ಆರ್‌ಟಿಒ ಅನುಮತಿ ಕೇಳಿ.

ವೈರಿಂಗ್, ಏಸಿ

ಐವತ್ತು ವರ್ಷದ ವೈರು ಮುಟ್ಟಿದರೆ ಪುಡಿಯಾಗುತ್ತದೆ. ತೇಪೆ ಹಾಕಬೇಡಿ, ಇಡೀ ಗಾಡಿಗೆ ಹೊಸ ವೈರಿಂಗ್ ಎಳೆಯಿರಿ. ಆಗಿನ ಕಾಲದ ಆಲ್ಟರ್ನೇಟರ್ ಎಲೆಕ್ಟ್ರಿಕ್ ಫ್ಯಾನು, ಪಂಪು, ಏಸಿ ಎಲ್ಲವನ್ನೂ ಎಳೆಯಲಾರದು. 100 ಆಂಪಿಯರ್‌ಗೆ ಮೇಲಿನದು ಬೇಕು. ಹೆಡ್‌ಲೈಟಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚು) ಕೊಡಿ, ಇಲ್ಲದಿದ್ದರೆ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹೋಗುತ್ತದೆ. ಎಂಜಿನ್, ಚಾಸಿಸ್, ಕ್ಯಾಬಿನ್ ಮೂರಕ್ಕೂ ಅರ್ಥ್ ವೈರ್ ಸೇರಿಸಿ. ಬಣ್ಣ ಕೆರೆದು, ಬರೀ ಕಬ್ಬಿಣ ಕಾಣಿಸಿದ ಮೇಲೆ ಬಿಗಿಯಿರಿ. ನನ್ನ ಗಾಡಿಯಲ್ಲಿ ಇಂಡಿಕೇಟರ್ ಹಾಕಿದಾಗಲೆಲ್ಲ ಪೆಟ್ರೋಲ್ ಮುಳ್ಳು ಕುಣಿಯುತ್ತಿತ್ತು. ಎರಡು ವಾರ ಹುಡುಕಿದೆ. ಕೊನೆಗೆ ನೋಡಿದರೆ ಅರ್ಥ್ ವೈರಿನ ಕೆಳಗೆ ಉಗುರಿನಷ್ಟು ಬಣ್ಣ ಉಳಿದಿತ್ತು.

ಏಸಿ ಕಿಟ್ ಡ್ಯಾಶ್‌ಬೋರ್ಡಿನ ಕೆಳಗೆ ಅಡಗಿ ಕೂರುತ್ತದೆ. ಸ್ಯಾಕ್ರಮೆಂಟೊದ 40 ಡಿಗ್ರಿ ಬಿಸಿಲಿಗೆ ಅದಿಲ್ಲದೆ ಆಗುವುದಿಲ್ಲ.

ಮೊದಲ ಓಟ

ಮೊದಲ ವಾರ ಮನೆ ಸುತ್ತಮುತ್ತ ಮಾತ್ರ ಓಡಿಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತೆ ಸೀಟಿನ ಪಕ್ಕದಲ್ಲಿರಲಿ. ಖಾಲಿ ರಸ್ತೆಯಲ್ಲಿ ಹತ್ತಾರು ಸಲ ವೇಗ ಹಿಡಿದು ಬ್ರೇಕ್ ಒತ್ತಿ, ಪ್ಯಾಡು ಕೂರಲಿ. ಪ್ರತಿ ಸಲ ಬಂದು ನಿಲ್ಲಿಸಿದಾಗ ಕೆಳಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಅದರ ಮೇಲೆ ಬಿದ್ದ ಹನಿಯ ಬಣ್ಣ ನೋಡಿ: ಕೆಂಪಾದರೆ ಗೇರ್ ಬಾಕ್ಸಿನದ್ದು, ಕಂದು ಅಥವಾ ಕಪ್ಪಾದರೆ ಎಂಜಿನ್ನಿನದ್ದು, ಹಸಿರೋ ಕಿತ್ತಳೆಯೋ ಆದರೆ ರೇಡಿಯೇಟರಿನದ್ದು. ಚಕ್ರದ ಒಳಬದಿ ಒದ್ದೆಯಾಗಿದ್ದರೆ ಬ್ರೇಕ್ ಆಯಿಲ್. ಅವತ್ತು ಗಾಡಿ ತೆಗೆಯಬೇಡಿ. ಮೊದಲ 100 ಕಿ.ಮೀ. ಆದ ಮೇಲೆ ಚಕ್ರದ ನಟ್ಟಿನಿಂದ ಹಿಡಿದು ಸ್ಟೇರಿಂಗ್ ಬಾಕ್ಸಿನ ಬೋಲ್ಟಿನ ತನಕ ಪ್ರತಿಯೊಂದಕ್ಕೂ ಇನ್ನೊಮ್ಮೆ ಸ್ಪ್ಯಾನರ್ ಹಾಕಿ. ಆಮೇಲೆ ಹೈವೇಗೆ ಇಳಿಸಿ.