ಗೌರಿಯ ಹೊಟ್ಟೆಯಲ್ಲಿ ಕಡಲ ಸದ್ದು

ಕಾರವಾರದ ಟಾಗೋರ್ ಕಡಲತೀರದಿಂದ ನಮ್ಮ ಮನೆಗೆ ನಾಲ್ಕು ಹೆಜ್ಜೆ. ಅಂಗಳವೂ ಮರಳೇ. ನನ್ನ ಕುದುರೆ ಗೌರಿಯನ್ನು ತಂದ ಮೊದಲ ವರ್ಷ ಒಣಹುಲ್ಲನ್ನು ನೆಲಕ್ಕೇ ಹಾಕುತ್ತಿದ್ದೆ. ದನ ಸಾಕಿದ ಕೈ ನನ್ನದು. ಹುಲ್ಲು ಮುಗಿದ ಮೇಲೂ ಅವಳು ತುಟಿಯಿಂದ ನೆಲ ಸವರಿ ಚೂರು ಹೆಕ್ಕುತ್ತಿದ್ದಳು. ಚೆನ್ನಾಗಿ ತಿನ್ನುತ್ತಾಳೆಂದು ಖುಷಿಪಡುತ್ತಿದ್ದೆ.

ಒಂದು ಬೆಳಿಗ್ಗೆ ಹುರುಳಿಗೂ ಮೂತಿ ಹಾಕಲಿಲ್ಲ. ಮುಂಗಾಲಿನಿಂದ ನೆಲ ಕೆರೆಯುತ್ತಾಳೆ, ಕತ್ತು ತಿರುಗಿಸಿ ಪಕ್ಕೆ ನೋಡುತ್ತಾಳೆ, ಮಲಗುತ್ತಾಳೆ, ಏಳುತ್ತಾಳೆ. ರಾತ್ರಿಯಿಡೀ ಹಾಕಿದ್ದು ಎರಡೇ ಉಂಡೆ ಲದ್ದಿ. ಬಾಟಲಿಯಲ್ಲಿ ಎಣ್ಣೆ ಕುಡಿಸು ಎಂದರು ಪಕ್ಕದ ಮನೆಯ ಅಜ್ಜ. ಪಶುವೈದ್ಯರು ಫೋನಿನಲ್ಲೇ ತಡೆದರು: ಹಾಗೆ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಈ ಮಾತನ್ನು ಕುದುರೆ ಸಾಕುವ ಯಾರೂ ಮರೆಯಬಾರದು.

ವೈದ್ಯರು ಬಂದು, ಎದೆಮೂಳೆಯ ಹಿಂದೆ ಹೊಟ್ಟೆಯ ಅಡಿಗೆ ಸ್ಟೆತಾಸ್ಕೋಪ್ ಒತ್ತಿ ಬಹಳ ಹೊತ್ತು ಆಲಿಸಿದರು. ಆಮೇಲೆ ನನ್ನ ಕಿವಿಗೆ ಕೊಟ್ಟರು. ಅಲೆ ಹಿಂದೆ ಸರಿಯುವಾಗ ಮರಳು ಜಾರುವ ಸದ್ದು! ಹುಟ್ಟಿದಾಗಿನಿಂದ ಕೇಳುತ್ತಿರುವ ಸದ್ದು ನನ್ನ ಕುದುರೆಯ ಕರುಳಿನಲ್ಲಿ. ನೆಲದಿಂದ ಹೆಕ್ಕಿದ ಹುಲ್ಲಿನ ಜೊತೆ ಮರಳನ್ನೂ ನುಂಗಿದ್ದಳು. ಕೈಕಾಲು ತಣ್ಣಗಾಯಿತು.

ನೋವಿಗೆ ಇಂಜೆಕ್ಷನ್ ಕೊಟ್ಟರು. ಮೂಗಿನಿಂದ ಜಠರಕ್ಕೆ ನಳಿಕೆ ಇಳಿಸಿ, ನೀರಲ್ಲಿ ಉಬ್ಬುವ ಇಸಬಗೋಲ್ ಮತ್ತು ಭೇದಿಯ ಉಪ್ಪಾದ ಮೆಗ್ನೀಸಿಯಂ ಸಲ್ಫೇಟ್ ಹೊಯ್ದರು. ದೇಹತೂಕದ ಕಿಲೋಗೆ ತಲಾ 1 ಗ್ರಾಂ. ಗೌರಿಯದು ಸುಮಾರು 300 ಕಿಲೋ. ಇಸಬಗೋಲ್ ಕಲಸಿ ಒಂದು ಕ್ಷಣ ತಡಮಾಡಿದರೆ ಬಕೆಟ್ಟಿನಲ್ಲೇ ಗಂಜಿಯಾಗಿ ನಳಿಕೆ ಕಟ್ಟುತ್ತದೆ. ನಾನು ಕಲಸುತ್ತಿದ್ದಂತೆಯೇ ಅವರು ಹೊಯ್ಯುತ್ತಿದ್ದರು. ನಾಲ್ಕು ದಿನ ಹೀಗೇ ನಡೆಯಿತು. ಮೂರನೆಯ ದಿನ ಬಿದ್ದ ಲದ್ದಿಯನ್ನು ಬೆರಳಲ್ಲಿ ಉಜ್ಜಿದರೆ ಗರಗರ ಎನ್ನುತ್ತಿತ್ತು. ಮರಳು ಹೊರಬರುತ್ತಿತ್ತು! ಅಲ್ಲೇ ಕುಳಿತು ಅತ್ತುಬಿಟ್ಟೆ.

ಈಗ ಹುಲ್ಲು ಗೋದಲಿಯಲ್ಲಿ, ಅದರಡಿ ರಬ್ಬರ್ ಚಾಪೆ. ಎರಡು ಹೊತ್ತು ಗುಡಿಸುತ್ತೇನೆ. ನೆಕ್ಕಲು ಉಪ್ಪಿನ ಗಡ್ಡೆ ಕಟ್ಟಿದ್ದೇನೆ. ತಿಂಗಳಿಗೊಮ್ಮೆ, ನೆಲ ಮುಟ್ಟದ ಐದಾರು ಉಂಡೆ ಲದ್ದಿಯನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ನೀರಿನೊಂದಿಗೆ ಕಿವುಚಿ ತೂಗುಹಾಕುತ್ತೇನೆ. ಮರಳಿದ್ದರೆ ಚೀಲದ ಮೂಲೆಯಲ್ಲಿ ಇಳಿದು ನಿಲ್ಲುತ್ತದೆ. ಕಾಣಲಿಲ್ಲವೆಂದು ನಿಶ್ಚಿಂತನಾಗುವುದಿಲ್ಲ, ಕರುಳಿನಲ್ಲೇ ಕುಳಿತಿರಬಹುದು, ಹೊಟ್ಟೆಗೂ ಕಿವಿಗೊಡುತ್ತೇನೆ.

ನಿನ್ನೆಯ ಚೀಲದ ತಳದಲ್ಲಿ ಚಿಟಿಕೆಯಷ್ಟು ಮರಳಿತ್ತು. ನೋಡಿದರೆ ಗೋದಲಿಯ ಎಡಮೂಲೆಯಲ್ಲಿ ಚಾಪೆ ಹರಿದಿದೆ. ಇವತ್ತೇ ಪೇಟೆಗೆ ಹೋಗಿ ಹೊಸದು ತರಬೇಕು.