ತೊಳೆದಷ್ಟೂ ನಾತ: ಜೂಲಿಯ ಮುಖ ಒಣಗಿಸಿದ ನನ್ನ ಅನುಭವ

"ಈ ಜಾತಿನೇ ಹಾಗೆ ಅಕ್ಕಾ, ಮುಖ ನಾರೋದು ನಾರೋದೇ." ನಮ್ಮ ಜೂಲಿ ಶಿಟ್ಜು, ಅಂದರೆ ಮುಖದ ತುಂಬಾ ಉದ್ದ ಕೂದಲಿರುವ ಪುಟ್ಟ ನಾಯಿ. ಅವಳ ಬಗ್ಗೆ ಕಡಿಮೆ ಅಂದರೂ ಆರು ಜನ ನನಗೆ ಹೀಗೆ ಹೇಳಿದ್ದರು. ಮರಿ ಕೊಟ್ಟವರು, ನಾಯಿ ಪಾರ್ಲರ್ ಹುಡುಗ, ಭಾನುವಾರ ಪಾರ್ಕಿನಲ್ಲಿ ಸಿಗುವ ಶಿಟ್ಜು ಸಾಕಿದವರು, ಕೊನೆಗೆ ನಮ್ಮನೆಯವರೂ. ಈಗ ಐದು ತಿಂಗಳಾಯಿತು, ಜೂಲಿ ಮುಖಕ್ಕೆ ಮೂಗಿಟ್ಟರೂ ಏನೂ ಬರಲ್ಲ. ಅದೇ ಪಾರ್ಕಿನವರು "ಏನು ಹಚ್ತೀರಾ" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ಬಾಚಣಿಗೆ, ಬ್ರಷ್, ಗುಂಡು ಮೊನೆಯ ಕತ್ತರಿ ಎಲ್ಲ ನಿಮ್ಮ ಮನೆಯಲ್ಲೂ ಇರುತ್ತೆ. ಅದರ ಪಾಠ ಇಲ್ಲಿ ಮಾಡಲ್ಲ.

ಜೂಲಿ ಬಂದಿದ್ದು ಕಳೆದ ವರ್ಷ ಮೇ ತಿಂಗಳಲ್ಲಿ, ಎರಡೂವರೆ ತಿಂಗಳ ಮರಿ, 22 ಸಾವಿರ ಕೊಟ್ಟಿದ್ದು. ಜೂಲುನಾಯಿ ಅಂತ ಜೂಲಿ, ಹೆಸರಿಟ್ಟದ್ದು ನಮ್ಮತ್ತೆ. ಮೊದಲ ತಿಂಗಳು ಎಳೇ ಮಗುವಿನ ಹಾಗೆ ಹಾಲಿನ ವಾಸನೆ ಇತ್ತು. ಜೂನ್ ಕೊನೆಗೆ ಶಿವಮೊಗ್ಗದಲ್ಲಿ ಮಳೆ ಹಿಡಿಯಿತು ನೋಡಿ, ಅಲ್ಲಿಂದ ಶುರು. ಕಣ್ಣಿನ ಕೆಳಗೆ ತುಕ್ಕು ಬಣ್ಣದ ಗೆರೆ, ಗಡ್ಡ ಸದಾ ಒದ್ದೆ, ಎತ್ತಿಕೊಂಡರೆ ಮುಗ್ಗಲು ಬಟ್ಟೆಗೆ ಹುಳಿ ಬಂದ ದೋಸೆ ಹಿಟ್ಟು ಬೆರೆಸಿದ ಹಾಗೆ ನಾತ. ದಿಂಬಿಗೂ ಅದೇ ವಾಸನೆ, ಸೋಫಾಗೂ ಅದೇ. ಮಲಗೋಕೆ ಜೂಲಿ ಬೇಕೇ ಬೇಕು ಅಂತಿದ್ದ ಮಗ ಅವಳನ್ನು ಮಂಚದಿಂದ ಕೆಳಗಿಳಿಸಿದ. ಅವತ್ತು ನನಗೆ ನಿಜವಾಗಿ ಹೊಟ್ಟೆ ಉರಿಯಿತು.

ದುಡ್ಡು ಕಳೆದುಕೊಂಡ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಪಾರ್ಲರ್‌ಗೆ ಒಂದು ಸಲಕ್ಕೆ 900, ನಾಲ್ಕು ಸಲ. ಎರಡು ದಿನ ಘಮಘಮ, ಮೂರನೇ ದಿನ ಸೆಂಟಿನ ಜೊತೆ ನಾತ ಸೇರಿ ಇನ್ನೂ ಕೆಟ್ಟದು. ಮಕ್ಕಳಿಗೆ ಒರೆಸುವ ವೈಪ್ಸ್ ಆರೇಳು ಪ್ಯಾಕೆಟ್. ಕಣ್ಣೀರಿನ ಕಲೆ ಹೋಗುತ್ತೆ ಅಂತ ಊಟಕ್ಕೆ ಬೆರೆಸುವ ಪುಡಿ ಒಂದು ಡಬ್ಬಿ, 1,400 ಅಂತ ನೆನಪು. ಅದರ ಮೇಲೆ ಒಳಗೇನಿದೆ ಅಂತ ಸರಿಯಾಗಿ ಬರೆದೇ ಇರಲಿಲ್ಲ. ಇಂಥ ಕೆಲವು ಪುಡಿಗಳಲ್ಲಿ ಟೈಲೋಸಿನ್ ಅನ್ನೋ ಆಂಟಿಬಯೋಟಿಕ್ ಇರುತ್ತೆ, ಅನುಮತಿ ಇಲ್ಲದೆ ಮಾರುತ್ತಾರೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲೇ ಎಚ್ಚರಿಸಿತ್ತಂತೆ. ಡಾಕ್ಟರ್ ಹೇಳಿದ ಮೇಲೆ ಅರ್ಧ ಡಬ್ಬಿ ಕಸಕ್ಕೆ ಹೋಯಿತು.

ಮನೆಮದ್ದಿಗೂ ಬರವಿರಲಿಲ್ಲ. ಅತ್ತೆ ಕಡಲೆಹಿಟ್ಟಿಗೆ ಅರಿಶಿನ ಕಲಸಿ ಹಚ್ಚಿದರು. ಬಿಳಿ ಮುಖ ಒಂದು ವಾರ ಮದುಮಗಳ ಹಾಗೆ ಹಳದಿ. ನಾತ ಇದ್ದಲ್ಲೇ ಇತ್ತು, ಜೊತೆಗೆ ಗಡ್ಡದಲ್ಲಿ ಹಿಟ್ಟಿನ ಗಂಟು. ಆಮೇಲೆ ಕೊಬ್ಬರಿ ಎಣ್ಣೆ. ಅದನ್ನು ಮಾತ್ರ ಯಾರೂ ಮಾಡಬೇಡಿ. ನೆಕ್ಕುತ್ತೆ, ಧೂಳು ಹಿಡಿಯುತ್ತೆ, ಎರಡು ದಿನಕ್ಕೆ ಕಮಟು. ಸೀಗೆಕಾಯಿ ತಂದಾಗ ನಾನೇ ತಡೆದೆ, ನಮ್ಮ ಕಣ್ಣಿಗೇ ಅದು ಉರಿ.

ದೊಡ್ಡ ತಪ್ಪು ನನ್ನದೇ. ಮೈಗೆ ಹಾಕಲು ತಂದಿದ್ದ ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕ ಇರುವ ಶಾಂಪೂವನ್ನು ಮುಖಕ್ಕೂ ಹಾಕಿದೆ. ಕಣ್ಣಿಗೆ ಹೋಗಬಾರದು ಅಂತ ಬಾಟಲಿ ಮೇಲೇ ಬರೆದಿತ್ತು, ಹುಷಾರಾಗಿ ಮಾಡ್ತೀನಲ್ವಾ ಅನ್ನೋ ಜಂಬ ನನಗೆ. ಸಂಜೆಗೆ ಎಡಗಣ್ಣು ಬಿಡಲೇ ಇಲ್ಲ. ಡಾಕ್ಟರ್ ಕಣ್ಣಿಗೆ ಬಣ್ಣ ಬಿಟ್ಟು ನೀಲಿ ಲೈಟ್ ಹಿಡಿದರೆ ಕಪ್ಪುಗುಡ್ಡೆ ಮೇಲೆ ಹಸಿರು ಚುಕ್ಕೆ. ಅಂದರೆ ಹುಣ್ಣು. ಹತ್ತು ದಿನ ಮುಲಾಮು, ಕುತ್ತಿಗೆಗೆ ಬಕೆಟ್ ಥರದ ಕೋನ್, ಸುಮಾರು 2,200 ರೂಪಾಯಿ. ಪಕ್ಕದ ಮನೆಯವರು ತಮ್ಮ ಹಳೇ ಕಣ್ಣಿನ ಡ್ರಾಪ್ಸ್ ಕೊಡಲು ಬಂದಿದ್ದರು. ಪುಣ್ಯಕ್ಕೆ ಹಾಕಲಿಲ್ಲ. ಅದರಲ್ಲಿ ಸ್ಟಿರಾಯ್ಡ್ ಇತ್ತು, ಹುಣ್ಣಿದ್ದಾಗ ಹಾಕಿದರೆ ಕಣ್ಣೇ ಹೋಗಬಹುದಿತ್ತು ಅಂತ ಡಾಕ್ಟರ್ ಬೈದರು.

ಕಣ್ಣು ವಾಸಿಯಾದ ಮೇಲೆ ಆಗಸ್ಟ್‌ನಲ್ಲಿ ತೀರ್ಥಹಳ್ಳಿ ಹತ್ತಿರ ನನ್ನ ತವರಿಗೆ ಹೋದೆ. ಆಟ ತಿರುಗಿದ್ದು ಅಲ್ಲಿ. ಜಡಿಮಳೆ. ನಾನು ದಿನಾ ಜೂಲಿ ಮುಖ ತೊಳೆಯೋದು ನೋಡಿ ಅಮ್ಮ "ನಾಯಿಗೆ ಎಂಥದು ಮಾರಾಯ್ತಿ ದಿನಾ ಮುಖ ತೊಳೆಯೋದು" ಅಂತ ಗೊಣಗಿದಳು. ನೀರು ಮುಟ್ಟಿಸಲಿಕ್ಕೇ ಬಿಡಲಿಲ್ಲ. ಜೂಲಿಗೋ ಬಚ್ಚಲ ಹಂಡೆ ಒಲೆ ಮುಂದೆ ಜಾಗ ಸಿಕ್ಕಿತು. ಬೆಳಗಿಂದ ಸಂಜೆವರೆಗೆ ಅಲ್ಲೇ, ಬೆಚ್ಚಗೆ. ನಾಲ್ಕೈದು ದಿನ ಕಳೆದು ಎತ್ತಿಕೊಂಡಾಗ ಹೊಗೆ ವಾಸನೆ ಬಂತು, ನಾತ ಅರ್ಧಕ್ಕರ್ಧ ಇರಲಿಲ್ಲ. ಶಿವಮೊಗ್ಗಕ್ಕೆ ವಾಪಸ್ ಬಂದು ಮತ್ತೆ ಎರಡು ಹೊತ್ತು ತೊಳೆಯಲು ಶುರು ಮಾಡಿದೆ, ಮೂರೇ ದಿನಕ್ಕೆ ಹಳೇ ನಾತ ಹಾಜರ್. ಆಗ ತಲೆಗೆ ಹೋಯಿತು. ಕೊಳೆಯಿಂದ ಅಲ್ಲ, ನಾನು ತೊಳೆದು ಒಣಗಿಸದೆ ಬಿಡೋದರಿಂದ ನಾರುತ್ತಿತ್ತು. ಆ ಉದ್ದ ಕೂದಲು ಮೇಲೆ ಒಣಗಿದ ಹಾಗೆ ಕಾಣುತ್ತೆ, ಬುಡಕ್ಕೆ ಬೆರಳು ಹಾಕಿದರೆ ತಣ್ಣಗೆ ಒದ್ದೆ.

ನಮ್ಮನೆಯವರು ನಂಬಲಿಲ್ಲ. "ಹೊಗೆ ವಾಸನೆಯಲ್ಲಿ ನಾತ ಮುಚ್ಚಿಹೋಗಿದೆ ಅಷ್ಟೇ" ಅಂದರು. ಮಾತು ಸರಿಯಾಗೇ ಇತ್ತು. ಅದಕ್ಕೆ ಒಂದು ಪರೀಕ್ಷೆ ಮಾಡಿದೆ, ಇದು ನನ್ನದೇ ಐಡಿಯಾ. ಹತ್ತಿ ತುಂಡುಗಳಿಂದ ಒಂದೊಂದು ಜಾಗ ಒರೆಸಿ ಬೇರೆ ಬೇರೆ ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿದೆ. ಕಣ್ಣಿನ ಮೂಲೆ, ಗಡ್ಡ, ತುಟಿ ಒಳಗೆ ಹಲ್ಲಿನ ಹತ್ತಿರ, ಕಿವಿ. ಡಬ್ಬಿ ಅಡಿಯಲ್ಲಿ ನಂಬರ್. ಅರ್ಧ ಗಂಟೆ ಬಿಟ್ಟು, ಏನೂ ಹೇಳದೆ, ನಾದಿನಿಗೆ ಮೂಸಲು ಕೊಟ್ಟೆ. ಪಾಪ, ಕಾಫಿ ಕುಡಿಯಲು ಬಂದಿದ್ದಳು. ಕಣ್ಣಿಂದು ಸ್ವಲ್ಪ ಮುಗ್ಗು ಅಂದಳು. ಗಡ್ಡದ್ದು ಹುಳಿ ಹಿಟ್ಟು, ಕಿವಿಯದು ಏನಿಲ್ಲ. ಹಲ್ಲಿನ ಡಬ್ಬಿ ಮುಚ್ಚಳ ತೆಗೆದವಳು ಎದ್ದು ಹೊರಗೆ ಹೋದಳು. ಸತ್ತ ಇಲಿ ಅಂದಳು.

ಅಂದರೆ ಮುಖದ ನಾತ ಅಂತ ಒಂದಿಲ್ಲ, ಮೂರಿವೆ. ನಾನು ಮೂರಕ್ಕೂ ಒಂದೇ ಶಾಂಪೂ ಹಾಕುತ್ತಿದ್ದೆ.

ಈ ಲೆಕ್ಕ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋದೆ. ಅವರು ನಕ್ಕರು, ಆದರೆ ನೋಡಿದರು. ಗಡ್ಡದ ಚರ್ಮಕ್ಕೆ ಅಂಟು ಪಟ್ಟಿ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ನೆಲಗಡಲೆ ಆಕಾರದ ಚುಕ್ಕೆಗಳು, ಮಲಸೇಜಿಯ ಅನ್ನೋ ಯೀಸ್ಟ್, ಒಂದು ಥರ ಬೂಷ್ಟು. ಹೆಚ್ಚಿನ ನಾಯಿಗಳ ಚರ್ಮದ ಮೇಲೂ ಸ್ವಲ್ಪ ಇರುತ್ತಂತೆ, ಒದ್ದೆ ಸಿಕ್ಕರೆ ಮೆರೆಯುತ್ತೆ. ಕಣ್ಣಿಗೆ ಮತ್ತೆ ಅದೇ ಬಣ್ಣ ಬಿಟ್ಟರು, ಸ್ವಲ್ಪ ಹೊತ್ತಿಗೆ ಮೂಗಿನ ತುದಿಯಲ್ಲಿ ಹಸಿರು ಬಂತು, ಅಂದರೆ ಕಣ್ಣೀರು ಇಳಿಯುವ ದಾರಿ ಕಟ್ಟಿಲ್ಲ. ಮರಿಗೆ ಹಲ್ಲು ಬರುವ ಕಾಲ, ಮೂಲೆಯ ಕೂದಲು ಕಣ್ಣಿಗೆ ಚುಚ್ಚುತ್ತಿದೆ, ಅದಕ್ಕೇ ನೀರು ಜಾಸ್ತಿ. ಕೆಂಪು ಗೆರೆ ಕೊಳೆಯಲ್ಲ, ಕಣ್ಣೀರಿನಲ್ಲಿರುವ ಪಾರ್ಫಿರಿನ್ ಅನ್ನೋ ವಸ್ತು ಬಿಡುವ ಬಣ್ಣ. ಎಂಜಲಲ್ಲೂ ಅದು ಇರುತ್ತೆ, ನೆಕ್ಕುವ ಕಾಲಿನ ಕೂದಲು ಕೆಂಪಾಗೋದೂ ಅದರಿಂದಲೇ. ಬಣ್ಣಕ್ಕೆ ವಾಸನೆ ಇಲ್ಲ. ಇಷ್ಟು ದಿನ ನಾನು ಬಣ್ಣದ ಹಿಂದೆ ಓಡುತ್ತಿದ್ದೆ. ಗಡ್ಡಕ್ಕೆ ಅಂತ ಯೀಸ್ಟಿನ ಮುಲಾಮು ಎರಡು ವಾರಕ್ಕೆ ಕೊಟ್ಟರು. ಹೆಸರು ಬರೆಯಲ್ಲ, ನಿಮ್ಮ ನಾಯಿಗೆ ನಿಮ್ಮ ಡಾಕ್ಟರ್ ಹೇಳಲಿ.

ಈಗ ನಾನು ಮಾಡೋದು. ಕಣ್ಣಿನ ಒಳಮೂಲೆಯಲ್ಲಿ ಮೂಗಿನ ಮೇಲೆ ಬೆಳೆಯುವ ಕೂದಲಿದೆಯಲ್ಲ, ಅದನ್ನು ಹತ್ತು ಹನ್ನೆರಡು ದಿನಕ್ಕೊಮ್ಮೆ ಗಿಡ್ಡ ಕತ್ತರಿಸುತ್ತೇನೆ. ನಿದ್ದೆ ತೂಗುವಾಗ ಮಾತ್ರ, ಕತ್ತರಿ ಮೊನೆ ಯಾವಾಗಲೂ ಕಣ್ಣಿನಿಂದ ಆಚೆಗೆ. ಅಲುಗಾಡದ ಹಾಗೆ ಹಿಡಿಯಲು ನನ್ನದೊಂದು ಉಪಾಯ ಇದೆ, ಇಬ್ಬರಿಗೆ ಮಾತ್ರ ಹೇಳಿದ್ದೇನೆ. ಕೆಳತುಟಿಯ ಎರಡು ಬದಿಯ ಗಡ್ಡ ಅರ್ಧ ಇಂಚಿಗೆ ಇಳಿಸಿದೆ. ಪಾರ್ಲರ್ ಹುಡುಗ "ಲುಕ್ ಹೋಗುತ್ತೆ ಅಕ್ಕ" ಅಂದ. ಹೋಗಲಿ ಬಿಡು ಅಂದೆ.

ಬೆಳಗ್ಗೆ ಒಂದೇ ಸಲ ಕಣ್ಣಿನ ಗೀಜು ತೆಗೆಯೋದು. ಅರ್ಧ ಲೀಟರ್ ನೀರು ಕುದಿಸಿ ಮುಕ್ಕಾಲು ಟೀ ಚಮಚ ಉಪ್ಪು, ಆರಿಸಿ ಆ ದಿನಕ್ಕೆ ಮಾತ್ರ, ಉಳಿದದ್ದು ಚೆಲ್ಲಿ. ಮೊದಲು ಮೆಡಿಕಲ್ ಶಾಪಿನ ಸಲೈನ್ ಬಾಟಲಿ ತರುತ್ತಿದ್ದೆ, ಒಮ್ಮೆ ತೆರೆದರೆ ತುಂಬಾ ದಿನ ಇಡುವ ಹಾಗಿಲ್ಲ, ಸುಮ್ನೆ ದಂಡ. ಒಂದು ಕಣ್ಣಿಗೆ ಒಂದು ಹತ್ತಿ. ಆಮೇಲೆ ಹಳೇ ಮಲ್ ಪಂಚೆ ತುಂಡಿನಿಂದ ಒತ್ತಿ ಒತ್ತಿ ಒಣಗಿಸಬೇಕು, ಉಜ್ಜಬಾರದು. ಬುಡಕ್ಕೆ ಬೆರಳು ಹಾಕಿ ತಣ್ಣಗಿದ್ದರೆ ಇನ್ನೊಂದು ತುಂಡು. ಒರೆಸಲು ಒಂದು ನಿಮಿಷ ಆದರೆ ಒಣಗಿಸಲು ನಾಲ್ಕು ನಿಮಿಷ ಹಿಡಿಯುತ್ತೆ. ಹೆಚ್ಚಿನವರು ಸೋಲೋದು ಈ ನಾಲ್ಕು ನಿಮಿಷದಲ್ಲೇ. ಹೇರ್ ಡ್ರೈಯರ್ ನೋಡಿದೆ, ಮುಖಕ್ಕೆ ಗಾಳಿ ಹೊಡೆದರೆ ಕಣ್ಣಲ್ಲಿ ಮತ್ತೆ ನೀರು. ಬೇಡ.

ಮೊಸರನ್ನ, ಹಾಲು ಚಪಾತಿ ನಿಲ್ಲಿಸಿದೆ. ಅತ್ತೆ ಮೂರು ದಿನ ಮುನಿಸಿಕೊಂಡರು, ಕದ್ದು ಕೊಡುವಾಗ ಎರಡು ಸಲ ಸಿಕ್ಕಿಬಿದ್ದರು. ಪ್ಲಾಸ್ಟಿಕ್ ಬಟ್ಟಲು ಬಿಸಾಡಿದೆ, ಅದರ ಗೀರಿನಲ್ಲಿ ಲೋಳೆ ಹಿಡಿಯುತ್ತೆ. ಊಟಕ್ಕೆ ಸ್ಟೀಲ್ ತಟ್ಟೆ, ನೀರಿಗೆ ಕಿರಿದು ಬಾಯಿಯ ಸ್ಟೀಲ್ ಲೋಟ, ಗಡ್ಡ ಮುಳುಗಲ್ಲ. ಉಂಡ ಮೇಲೆ ಗಡ್ಡ ಒಣಬಟ್ಟೆಯಲ್ಲಿ ಒತ್ತಿ, ಕಾರ್ನ್‌ಫ್ಲೋರ್ ಚಿಟಿಕೆ ಸವರಿ, ಹತ್ತು ನಿಮಿಷಕ್ಕೆ ಬಾಚಿ ಪೂರ್ತಿ ತೆಗೆಯುತ್ತೇನೆ. ಕಣ್ಣಿನ ಹತ್ತಿರ ಬೇಡ, ಮೂಗಿಗೆ ಹಾರಬಾರದು. ಒದ್ದೆ ಮೇಲೆ ಹಾಕಿದರೆ ಗಂಜಿಯಾಗುತ್ತೆ, ಒಣಗಿದ ಮೇಲೆ ಹಾಕಬೇಕು. ನಾನು ಅದಕ್ಕೆ ಇನ್ನೊಂದು ಸೇರಿಸುತ್ತೇನೆ, ಅಡುಗೆಮನೆಯದೇ, ನೆಕ್ಕಿದರೂ ತೊಂದರೆ ಇಲ್ಲದ್ದು. ಅದು ನನ್ನ ಹತ್ತಿರವೇ ಇರಲಿ. ಬರೀ ಕಾರ್ನ್‌ಫ್ಲೋರ್ ಕೂಡ ಮುಕ್ಕಾಲು ಪಾಲು ಕೆಲಸ ಮಾಡುತ್ತೆ.

ಪುಡಿ ನಿಜಕ್ಕೂ ಕೆಲಸ ಮಾಡುತ್ತಾ ಅಂತ ನಮ್ಮನೆಯವರಿಗೆ ಅನುಮಾನ. ಸರಿ, ಹತ್ತು ದಿನ ಗಡ್ಡದ ಎಡಗಡೆ ಮಾತ್ರ ಪುಡಿ, ಬಲಗಡೆ ಬರೀ ಬಟ್ಟೆ. ಹನ್ನೊಂದನೇ ದಿನ ಕಣ್ಣು ಕಟ್ಟಿ ಮೂಸಿಸಿದೆ. ಎಡವನ್ನೇ ಸರಿಯಾಗಿ ಹೇಳಿದರು. ಆಮೇಲೆ "ವ್ಯತ್ಯಾಸ ಜಾಸ್ತಿ ಏನಿಲ್ಲ" ಅಂತ ಸೇರಿಸಿದರು, ಅದು ಬಿಡಿ. ಫಿಲ್ಟರ್ ನೀರು ಕುಡಿಸಿದರೆ ಕೆಂಪು ಗೆರೆ ಹೋಗುತ್ತೆ ಅಂತ ಪಾರ್ಕಿನವರೊಬ್ಬರು ಹೇಳಿದ್ದನ್ನೂ ಒಂದೂವರೆ ತಿಂಗಳು ಮಾಡಿ ನೋಡಿದೆ. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ, ಕ್ಯಾನಿನ ಖರ್ಚು ಮಾತ್ರ ಕಂಡಿತು.

ಮೂರು ವಾರಕ್ಕೆ ಹುಳಿ ವಾಸನೆ, ಮುಗ್ಗು ಎರಡೂ ಹೋದವು. ಸತ್ತ ಇಲಿ ಉಳಿಯಿತು. ಜೂಲಿಗೆ ಏಳು ತಿಂಗಳು ತುಂಬಿದಾಗ ಬಾಯಿ ತೆರೆಸಿ ನೋಡಿದರೆ ಮೇಲಿನ ಕೋರೆಹಲ್ಲು ಎರಡು ಬದಿಯಲ್ಲೂ ಜೋಡಿ! ಹೊಸದು ಬಂದರೂ ಹಾಲುಹಲ್ಲು ಬಿದ್ದಿಲ್ಲ. ನಾಯಿಗೆ ಹಾಲುಹಲ್ಲು 28, ಎಲ್ಲ ಬಿದ್ದು 42 ಬರಬೇಕು, ಈ ಪುಟ್ಟ ಜಾತಿಗಳಲ್ಲಿ ಕೋರೆ ಹೀಗೆ ನಿಂತುಬಿಡೋದು ಜಾಸ್ತಿ. ಆ ಸಂದಿಯಲ್ಲಿ ಕೂದಲು, ಅನ್ನ, ಏನೆಲ್ಲ ಕೊಳೆತಿತ್ತೋ. ಮುಖ ತೊಳೆದರೆ ಇದು ಹೋಗುತ್ತಾ? ನವೆಂಬರ್‌ನಲ್ಲಿ ಮರಿ ಆಗದಂತೆ ಆಪರೇಷನ್ ಮಾಡಿಸಿದಾಗ ಅದೇ ಅರಿವಳಿಕೆಯಲ್ಲಿ ಹಲ್ಲೂ ತೆಗೆಸಿದೆವು. ಆಪರೇಷನ್ ಏಳು ಸಾವಿರದ ಆಸುಪಾಸು, ಹಲ್ಲಿಗೆ ಮೇಲೆ ಒಂದೂವರೆ ಸಾವಿರ. ವಾರಕ್ಕೆ ಬಾಯಿ ಶುದ್ಧ. ಈಗ ನಾಯಿ ಪೇಸ್ಟಿನಲ್ಲಿ ವಾರಕ್ಕೆ ನಾಲ್ಕು ದಿನ ಹಲ್ಲುಜ್ಜುತ್ತೇನೆ. ನಮ್ಮ ಪೇಸ್ಟ್ ಬೇಡ, ಕೆಲವದರಲ್ಲಿ ಸಿಹಿಗೆ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ.

ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ ಮುಖ ಮೀನು ಮಾರ್ಕೆಟ್! ನನ್ನ ಪದ್ಧತಿ ಕೈಕೊಟ್ಟಿತು ಅಂತ ಕೂತುಬಿಟ್ಟೆ. ನೋಡಿದರೆ ನೆಲಕ್ಕೆ ಹಿಂಭಾಗ ಉಜ್ಜುತ್ತಿದ್ದಾಳೆ, ನೆಕ್ಕುತ್ತಿದ್ದಾಳೆ. ಗುದದ ಪಕ್ಕದ ಗ್ರಂಥಿ ತುಂಬಿತ್ತು, ಆ ವಾಸನೆ ನಾಲಿಗೆಯಿಂದ ಗಡ್ಡಕ್ಕೆ ಬಂದಿತ್ತು. ಡಾಕ್ಟರ್ ಎರಡು ನಿಮಿಷದಲ್ಲಿ ಹಿಂಡಿ ಖಾಲಿ ಮಾಡಿದರು, 200 ರೂಪಾಯಿ.

ಎಲ್ಲ ಸೇರಿ ಸುಮ್ಮನೆ ಹೋದದ್ದು ಎಂಟು ಒಂಬತ್ತು ಸಾವಿರ ಇರಬೇಕು, ಆಪರೇಷನ್ ಬಿಟ್ಟು. ಈಗ ತಿಂಗಳಿಗೆ ಹತ್ತಿ, ಪುಡಿ, ಪೇಸ್ಟ್ ಸೇರಿ 200 ದಾಟಲ್ಲ. ಮಗ ಅವಳನ್ನು ವಾಪಸ್ ಮಂಚಕ್ಕೆ ಹತ್ತಿಸಿಕೊಂಡಿದ್ದಾನೆ. ಕೆಂಪು ಗೆರೆ ಇನ್ನೂ ತೆಳುವಾಗಿ ಇದೆ, ಅದರ ತಂಟೆಗೆ ನಾನು ಹೋಗಲ್ಲ.

ಪಾರ್ಲರ್ ಹುಡುಗ ಕಳೆದ ವಾರ ಮೂರು ಸಲ ಫೋನ್ ಮಾಡಿದ. "ಅಕ್ಕ, ಆ ಪುಡಿಯಲ್ಲಿ ಇನ್ನೊಂದು ಏನು ಹಾಕ್ತೀರಾ, ಹೇಳಿ." ನನ್ನ ನಾಲ್ಕು 900 ವಾಪಸ್ ಕೊಡು, ಹೇಳ್ತೀನಿ ಅಂದೆ. ಯೋಚನೆ ಮಾಡ್ತೀನಿ ಅಂದಿದ್ದಾನೆ.