ಪವರ್‌ಪಾಯಿಂಟ್ ಇಲ್ಲದ ಕಂಪ್ಯೂಟರಿನಲ್ಲೂ ಸ್ಲೈಡ್ ತೋರಿಸುವುದು ಹೇಗೆ?

ಗದಗ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಲಕ್ಕುಂಡಿಯ ಗುಡಿಗಳ ಕುರಿತು ಮಾತನಾಡಲು ಹೋಗಿದ್ದಾಗ ನಡೆದ ಸಂಗತಿ ಇದು. ನಾಲ್ಕು ರಾತ್ರಿ ಕುಳಿತು ಸಿದ್ಧಪಡಿಸಿದ 28 ಸ್ಲೈಡ್‌ಗಳು ಪೆನ್‌ಡ್ರೈವಿನಲ್ಲಿದ್ದವು, ಆದರೆ ಅಲ್ಲಿಯ ಕಂಪ್ಯೂಟರಿನಲ್ಲಿ ಪವರ್‌ಪಾಯಿಂಟ್ ಇರಲಿಲ್ಲ. ಬೇರೊಂದು ತಂತ್ರಾಂಶದಲ್ಲಿ ಕಡತವೇನೋ ತೆರೆದುಕೊಂಡಿತು. ಆದರೆ ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದ ಚಿತ್ರದ ಕೆಳಗೆ ನಾನು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದ ಕನ್ನಡದ ಸಾಲು ಕಾಣೆಯಾಗಿ, ಅದರ ಜಾಗದಲ್ಲಿ ತಲೆಯ ಮೇಲೆ ಗೀರು ಹೊತ್ತ ಇಂಗ್ಲಿಷಿನ ‘ಎ’ ಅಕ್ಷರಗಳು ಗೋಡೆಯ ತುಂಬ ಮೂಡಿದವು. “ಸರ, ಇದು ಯಾವ ಭಾಷೆ ಐತ್ರಿ?” ಎಂದು ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು. ಊರೂರಿಗೆ ಸ್ಲೈಡ್ ಒಯ್ಯುವ ಶಿಕ್ಷಕರಿಗೂ ಕೃಷಿ ತರಬೇತಿ ಕೊಡುವವರಿಗೂ ಈ ಪಾಡು ಬರಬಾರದೆಂಬ ಕಳಕಳಿಯಿಂದ, ಅಂದಿನಿಂದ ನಾನು ಪಾಲಿಸುತ್ತ ಬಂದಿರುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲು ಎರಡು ತಪ್ಪು ತಿಳಿವಳಿಕೆಗಳನ್ನು ದೂರ ಮಾಡಿಕೊಳ್ಳಬೇಕು. ಸ್ಲೈಡ್ ನೋಡುವುದಕ್ಕೆಂದೇ ಮೈಕ್ರೋಸಾಫ್ಟ್ ಕಂಪನಿ ಹಿಂದೆ ಉಚಿತವಾಗಿ ಕೊಡುತ್ತಿದ್ದ ಪವರ್‌ಪಾಯಿಂಟ್ ವ್ಯೂವರ್ ಎಂಬ ಸಣ್ಣ ತಂತ್ರಾಂಶವನ್ನು ಅನೇಕರು ಇನ್ನೂ ಹುಡುಕುತ್ತಾರೆ. 2018ರ ಏಪ್ರಿಲ್‌ನಲ್ಲೇ ಕಂಪನಿ ಅದನ್ನು ಕೈಬಿಟ್ಟಿದೆ, ಅದಕ್ಕೆ ಭದ್ರತಾ ಪರಿಷ್ಕರಣೆಗಳೂ ಬರುವುದಿಲ್ಲ. ಆ ಹೆಸರಿನಲ್ಲಿ ಯಾವುದೋ ಜಾಲತಾಣದಲ್ಲಿ ಸಿಗುವುದನ್ನು ಶಾಲೆಯ ಕಂಪ್ಯೂಟರಿಗೆ ಇಳಿಸಿಕೊಳ್ಳಲೇಬಾರದು. ಇನ್ನು ಕಡತವನ್ನು ‘ಪಿಪಿಎಸ್‌ಎಕ್ಸ್’ ರೂಪದಲ್ಲಿ ಉಳಿಸಿದರೆ ಎಲ್ಲ ಕಡೆಯೂ ಓಡುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಪವರ್‌ಪಾಯಿಂಟ್ ಇರುವ ಯಂತ್ರದಲ್ಲಿ ಆ ಕಡತ ನೇರವಾಗಿ ಪ್ರದರ್ಶನದ ರೂಪದಲ್ಲಿ ತೆರೆದುಕೊಳ್ಳುತ್ತದೆ, ಅದರಿಂದ ಆಗುವ ಅನುಕೂಲ ಅಷ್ಟೇ.

ನಿಮ್ಮ ಸ್ಲೈಡ್‌ಗಳಲ್ಲಿ ಬರಹ ಮತ್ತು ಚಿತ್ರಗಳಷ್ಟೇ ಇದ್ದರೆ ಪಿಡಿಎಫ್‌ಗಿಂತ ನೆಚ್ಚಿಕೆಯ ದಾರಿ ಇಲ್ಲ. ಪವರ್‌ಪಾಯಿಂಟಿನಲ್ಲಿ ‘ಫೈಲ್’ ಒತ್ತಿ, ‘ಸೇವ್ ಆ್ಯಸ್’ಗೆ ಹೋಗಿ, ಕಡತದ ಬಗೆಯಲ್ಲಿ ಪಿಡಿಎಫ್ ಆರಿಸಿಕೊಳ್ಳಿ. ಅಲ್ಲಿ ‘ಮಿನಿಮಮ್ ಸೈಜ್’ ಬದಲು ‘ಸ್ಟ್ಯಾಂಡರ್ಡ್’ ಆಯ್ಕೆ ಇರಲಿ, ಇಲ್ಲವಾದರೆ ದೊಡ್ಡ ಪರದೆಯ ಮೇಲೆ ಚಿತ್ರಗಳು ಮಸುಕಾಗುತ್ತವೆ. ಅಕ್ಷರರೂಪ, ಅಂದರೆ ಫಾಂಟ್, ಪಿಡಿಎಫ್‌ನೊಳಗೇ ಸೇರಿಕೊಳ್ಳುವುದರಿಂದ ನುಡಿಯಲ್ಲಿ ಬರೆದದ್ದೂ ಇದ್ದ ಹಾಗೆಯೇ ಕಾಣುತ್ತದೆ. ತೋರಿಸುವ ಕಡೆ ಬ್ರೌಸರ್ ಒಂದಿದ್ದರೆ ಸಾಕು. ಕ್ರೋಮ್‌ನಲ್ಲಿ ಪಿಡಿಎಫ್ ತೆರೆದು ಮೇಲಿನ ಮೂರು ಚುಕ್ಕೆಗಳನ್ನು ಒತ್ತಿದರೆ ‘ಪ್ರೆಸೆಂಟ್’ ಎಂಬ ಆಯ್ಕೆ ಸಿಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ‘ಪ್ರೆಸೆಂಟೇಷನ್ ಮೋಡ್’ ಇದೆ. ಅಡೋಬಿಯ ರೀಡರ್ ಇದ್ದರೆ ಕಂಟ್ರೋಲ್ ಮತ್ತು ಎಲ್ ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗ ಪುಟ ಪರದೆಯನ್ನು ತುಂಬುತ್ತದೆ.

ಪಿಡಿಎಫ್‌ನಲ್ಲಿ ಚಲನೆ ಉಳಿಯುವುದಿಲ್ಲ, ಒಂದೊಂದಾಗಿ ಬರಬೇಕಾದ ಸಾಲುಗಳು ಒಮ್ಮೆಗೇ ಕಾಣಿಸಿಕೊಳ್ಳುತ್ತವೆ. ಮಕ್ಕಳಿಗೆ ಪಾಠ ಹೇಳುವವರಿಗೆ ಇದು ಸಣ್ಣ ನಷ್ಟವಲ್ಲ, ಏಕೆಂದರೆ ಪ್ರಶ್ನೆಯ ಜೊತೆಗೇ ಉತ್ತರವೂ ಗೋಡೆಯ ಮೇಲೆ ಬಂದುಬಿಟ್ಟರೆ ಯೋಚಿಸಲು ಏನೂ ಉಳಿಯುವುದಿಲ್ಲ. ಇದಕ್ಕೆ ಪರಿಹಾರ ಸುಲಭವಾಗಿದೆ. ಸ್ಲೈಡನ್ನು ಆರಿಸಿ ಕಂಟ್ರೋಲ್ ಮತ್ತು ಡಿ ಒತ್ತಿದರೆ ಅದರದೇ ಪ್ರತಿ ಸಿಗುತ್ತದೆ. ಮೊದಲ ಪ್ರತಿಯಲ್ಲಿ ಲಕ್ಕುಂಡಿಯ ಬ್ರಹ್ಮಜಿನಾಲಯದ ಚಿತ್ರ ಮಾತ್ರ, ಎರಡನೆಯದರಲ್ಲಿ ಚಿತ್ರ ಮತ್ತು 1007 ಎಂಬ ಇಸವಿ, ಮೂರನೆಯದರಲ್ಲಿ ಅದನ್ನು ಕಟ್ಟಿಸಿದ ಅತ್ತಿಮಬ್ಬೆಯ ಹೆಸರೂ ಇರಲಿ. ಪುಟ ತಿರುವಿದಂತೆ ಒಂದೊಂದೇ ವಿಷಯ ಕೂಡಿಕೊಳ್ಳುತ್ತದೆ, ನೋಡುವವರಿಗೆ ಅದು ಚಲನೆಯಂತೆಯೇ ಕಾಣುತ್ತದೆ.

ಕನ್ನಡದ ಅಕ್ಷರಗಳ ವಿಷಯವನ್ನು ಇಲ್ಲಿ ತುಸು ಬಿಡಿಸಿ ಹೇಳಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೊಳಗೆ ಇಟ್ಟುಕೊಳ್ಳುವುದು ಲ್ಯಾಟಿನ್ ಲಿಪಿಯ ಅಕ್ಷರಗಳನ್ನೇ, ಅವಕ್ಕೆ ಕನ್ನಡದ ಆಕಾರ ತೊಡಿಸುವುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೊಡಿಗೆ ಕಳಚಿ ಒಳಗಿನದು ಹೊರಗೆ ಕಾಣುತ್ತದೆ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಬರೆದರೆ ಅಕ್ಷರವೇ ಕನ್ನಡವಾಗಿರುತ್ತದೆ, ವಿಂಡೋಸ್ 8 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ನಿರ್ಮಲಾ ಎಂಬ ಫಾಂಟ್ ಮೊದಲೇ ಇರುವುದರಿಂದ ಓದಲು ತೊಂದರೆಯಾಗದು. ಆದ್ದರಿಂದ ಹೊಸದಾಗಿ ಸಿದ್ಧಪಡಿಸುವ ಸ್ಲೈಡ್‌ಗಳನ್ನು ಯುನಿಕೋಡ್‌ನಲ್ಲೇ ಬರೆಯಿರಿ. ಹಳೆಯವನ್ನು ಬದಲಿಸಲು ಸಮಯವಿಲ್ಲದಿದ್ದರೆ ಪಿಡಿಎಫ್ ಮಾಡಿಕೊಂಡೇ ಒಯ್ಯಿರಿ.

ಸ್ಲೈಡ್‌ಗಳನ್ನು ಅಲ್ಲಿಯೇ ತಿದ್ದಬೇಕಾಗಬಹುದು, ಚಲನೆಯೂ ಬೇಕು ಎನ್ನುವವರಿಗೆ ಲಿಬ್ರೆ ಆಫೀಸ್ ಇದೆ. ಇದು ಉಚಿತ, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಕೆಲಸ ಮಾಡುತ್ತದೆ. ಅದರ ಇಂಪ್ರೆಸ್ ಎಂಬ ಭಾಗ ಪವರ್‌ಪಾಯಿಂಟ್ ಕಡತಗಳನ್ನು ತೆರೆಯುತ್ತದೆ, ಎಫ್5 ಒತ್ತಿದರೆ ಪ್ರದರ್ಶನ ಶುರುವಾಗುತ್ತದೆ. ಬೇರೆಯವರ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಹಾಕಲು ಅನುಮತಿ ಇರದಿದ್ದರೂ ಚಿಂತೆಯಿಲ್ಲ. ಅನುಸ್ಥಾಪನೆಯ ಅಗತ್ಯವಿಲ್ಲದೆ ಪೆನ್‌ಡ್ರೈವಿನಿಂದಲೇ ಓಡುವ ‘ಪೋರ್ಟಬಲ್’ ಆವೃತ್ತಿಯೂ ವಿಂಡೋಸಿಗೆ ಸಿಗುತ್ತದೆ. ಅಕ್ಕಪಕ್ಕದ ಪೆಟ್ಟಿಗೆಗಳ ಬರಹ ಆಚೀಚೆ ಸರಿಯುವುದು ಇಲ್ಲಿ ಸಾಮಾನ್ಯ, ಹೀಗಾಗಿ ಒಮ್ಮೆ ಮನೆಯಲ್ಲೇ ಇಂಪ್ರೆಸ್‌ನಲ್ಲಿ ತೆರೆದು ಕೊನೆಯ ಸ್ಲೈಡಿನವರೆಗೂ ನೋಡಿಕೊಳ್ಳಬೇಕು.

ಯಾರೂ ಪಕ್ಕದಲ್ಲಿ ನಿಲ್ಲದೆ ತಾನಾಗಿಯೇ ಓಡಬೇಕಾದ ಪ್ರದರ್ಶನಕ್ಕೆ, ಉದಾಹರಣೆಗೆ ಧಾರವಾಡದ ಕೃಷಿ ಮೇಳದ ಮಳಿಗೆಯಲ್ಲಿ ದಿನವಿಡೀ ತೋರಿಸುವ ಸ್ಲೈಡ್‌ಗಳಿಗೆ, ವಿಡಿಯೊ ರೂಪವೇ ಲೇಸು. ಪವರ್‌ಪಾಯಿಂಟಿನ ‘ಎಕ್ಸ್‌ಪೋರ್ಟ್’ನಲ್ಲಿ ‘ಕ್ರಿಯೇಟ್ ಎ ವಿಡಿಯೊ’ ಆರಿಸಿದರೆ ಎಂಪಿ4 ಕಡತ ಸಿದ್ಧವಾಗುತ್ತದೆ. ಪ್ರತಿ ಸ್ಲೈಡಿಗೆ ಅದು ತಾನಾಗಿ ಕೊಡುವ ಸಮಯ 5 ಸೆಕೆಂಡು. ನಿಂತು ಓದುವ ರೈತರಿಗೆ ಅದು ಸಾಲದು, 12 ಅಥವಾ 15 ಸೆಕೆಂಡಿಗೆ ಏರಿಸಿ. ವಿಡಿಯೊ ತೋರಿಸುವ ವಿಎಲ್‌ಸಿ ತಂತ್ರಾಂಶದಲ್ಲಿ ಲೂಪ್ ಗುಂಡಿ ಒತ್ತಿಟ್ಟರೆ ಮುಗಿದಂತೆ ಮತ್ತೆ ಮೊದಲಾಗುತ್ತದೆ.

ಇಂಟರ್‌ನೆಟ್ ಚೆನ್ನಾಗಿರುವ ಕಡೆ ಗೂಗಲ್ ಡ್ರೈವಿಗೆ ಕಡತ ಏರಿಸಿ ಗೂಗಲ್ ಸ್ಲೈಡ್ಸ್‌ನಲ್ಲಿ ತೋರಿಸಬಹುದು. ಹುಬ್ಬಳ್ಳಿಯ ಕಚೇರಿಗಳಲ್ಲಿ ಇದು ಸರಾಗ. ನೆಟ್ ಬಂದು ಹೋಗುವ ಹಳ್ಳಿಯ ಶಾಲೆಯಲ್ಲಿ ಇದನ್ನೊಂದೇ ನೆಚ್ಚಿಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ.

ಈಗ ನನ್ನ ಪೆನ್‌ಡ್ರೈವಿನಲ್ಲಿ ಒಂದೇ ಹೆಸರಿನ ಎರಡು ಕಡತಗಳಿರುತ್ತವೆ, ಮೂಲದ್ದೊಂದು, ಪಿಡಿಎಫ್ ಒಂದು. ಹೋದ ಕೂಡಲೇ ಪ್ರೊಜೆಕ್ಟರಿನ ತಂತಿ ಜೋಡಿಸಿ, ವಿಂಡೋಸ್ ಮತ್ತು ಪಿ ಗುಂಡಿಗಳನ್ನು ಒತ್ತಿ ‘ಡುಪ್ಲಿಕೇಟ್’ ಆರಿಸುತ್ತೇನೆ. ಮಕ್ಕಳು ಬಂದು ಕೂಡುವ ಮೊದಲೇ ಅತಿ ಹೆಚ್ಚು ಕನ್ನಡ ಬರಹವಿರುವ ಸ್ಲೈಡನ್ನು ಗೋಡೆಯ ಮೇಲೆ ಮೂಡಿಸಿ, ಕೋಣೆಯ ಹಿಂದಿನ ಬೆಂಚಿನಲ್ಲಿ ಕುಳಿತು ಒತ್ತಕ್ಷರಗಳವರೆಗೂ ಓದಿ ನೋಡುತ್ತೇನೆ.